ಕಲಬುರಗಿಯಲ್ಲಿ ಕೂತು ಸೂರ್ಯನ ಹವಾಮಾನ ಓದುವುದು: ದಿನದ ಮುನ್ಸೂಚನೆಗೆ ಸಮಗ್ರ ಮಾರ್ಗದರ್ಶಿ

2024ರ ಮೇ 14ರಂದು ಸೂರ್ಯನಲ್ಲಿ ಎಕ್ಸ್8.7 ದರ್ಜೆಯ ಸೌರಜ್ವಾಲೆ ಎದ್ದಿತು. ಈಗಿನ ಸೌರಚಕ್ರದಲ್ಲಿ (ಸೂರ್ಯನ ಚಟುವಟಿಕೆ ಏರಿ ಇಳಿಯುವ ಒಂದು ಸುತ್ತಿನಲ್ಲಿ) ಅಲ್ಲಿಯವರೆಗೆ ಬಂದದ್ದರಲ್ಲಿ ಅದೇ ದೊಡ್ಡದು. ರೇಡಿಯೊ ಬ್ಲ್ಯಾಕೌಟ್ (ಶಾರ್ಟ್‌ವೇವ್ ರೇಡಿಯೊ ಮಂಕಾಗುವುದು) ಎಂಬ ಮಾತು ಎಲ್ಲ ಕಡೆ ಓಡಾಡಿತು. ಕಲಬುರಗಿಗೆ ಏನಾಯ್ತು? ಏನೂ ಆಗಲಿಲ್ಲ. ಜ್ವಾಲೆ ತುತ್ತತುದಿ ಮುಟ್ಟಿದಾಗ ನಮ್ಮ ಗಡಿಯಾರದಲ್ಲಿ ರಾತ್ರಿ 10 ಗಂಟೆ 21 ನಿಮಿಷ. ಜ್ವಾಲೆಯ ಎಕ್ಸ್-ಕಿರಣ ಹಗಲಿರುವ ಕಡೆಗೆ ಮಾತ್ರ ಬೀಳುತ್ತದೆ. ನಾವು ಆಗ ಭೂಮಿಯ ಕತ್ತಲ ಬದಿಯಲ್ಲಿದ್ದೆವು.

ಇದಕ್ಕೆ ಉಲ್ಟಾ ಆಗುವುದೂ ಉಂಟು. ಅಕ್ಟೋಬರ್‌ನ ಒಂದು ದಿನ ಮುನ್ಸೂಚನೆಯ ಪುಟದಲ್ಲಿ ಎಲ್ಲ ಹಸಿರು ಇರುತ್ತದೆ. ಬಿರುಗಾಳಿ ಇಲ್ಲ, ಜ್ವಾಲೆ ಇಲ್ಲ. ಆದರೆ ಹೊತ್ತು ಮುಳುಗಿದ ಮೇಲೆ ಇನ್ನೊಂದೆರಡು ಪಾಯಿಂಟ್ ಮುಗಿಸೋಣ ಎಂದು ಜೇವರ್ಗಿ ಕಡೆಯ ಹೊಲದಲ್ಲಿ ನಿಂತ ಸರ್ವೇ ಹುಡುಗ ರೋವರ್ (ಜಿಪಿಎಸ್‌ನಿಂದ ಜಾಗ ಅಳೆಯುವ ಉಪಕರಣ) ಹಿಡಿದು, "ಫಿಕ್ಸ್ ಬರವಲ್ದ್ರೀ ಸರ" ಅನ್ನುತ್ತಾನೆ. ಪರದೆಯ ಮೇಲೆ ಫಿಕ್ಸ್ (ನಿಖರ ಜಾಗ) ಇದ್ದದ್ದು ಫ್ಲೋಟ್ (ಬರೀ ಅಂದಾಜು) ಆಗಿರುತ್ತದೆ. ಎರಡು ಸೆಂಟಿಮೀಟರ್ ಇದ್ದ ತಪ್ಪು ಅರ್ಧ ಮೀಟರಿಗೆ ಏರಿರುತ್ತದೆ.

ಜಗತ್ತಿಗೆಲ್ಲ ಸಿಗುವ ಬಾಹ್ಯಾಕಾಶ ಹವಾಮಾನದ ಮುನ್ಸೂಚನೆಯಲ್ಲಿ ಜಾಸ್ತಿ ಪಾಲು ಉತ್ತರದ ತಂಪು ದೇಶಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸು. ಬೀದರ್ ಅದಕ್ಕಿಂತ ಸ್ವಲ್ಪ ಮೇಲೆ, ಯಾದಗಿರಿ ಸ್ವಲ್ಪ ಕೆಳಗೆ. ಭೂಮಿಯ ಕಾಂತೀಯ ಸಮಭಾಜಕ ತಮಿಳುನಾಡಿನ ತುದಿಯ ಬಳಿ, ತಿರುನೆಲ್ವೇಲಿಯ ಹತ್ತಿರ ಹಾದುಹೋಗುತ್ತದೆ. ಅಂದರೆ ಕಾಂತದ ಲೆಕ್ಕದಲ್ಲಿ ನಾವು ಸಮಭಾಜಕದ ನೆರೆಯವರು. ಇಲ್ಲಿ ಆಗುವುದೇ ಬೇರೆ. ಆ ಮುನ್ಸೂಚನೆಯನ್ನು ನಮ್ಮೂರಿಗೆ ಹೇಗೆ ತಿದ್ದಿ ಓದಿಕೊಳ್ಳಬೇಕು ಎಂಬುದಷ್ಟೇ ಈ ಬರಹದ ವಿಷಯ. ದಿನಕ್ಕೆ ಹದಿನೈದು ನಿಮಿಷ, ಒಂದು ಮೊಬೈಲು, ಒಂದು ನೋಟ್‌ಬುಕ್ ಸಾಕು.

ಮೊದಲ ಹೆಜ್ಜೆ: ಬರುವ ಮೂರನ್ನು ಬೇರೆ ಮಾಡಿ

ಸೂರ್ಯನಿಂದ ನಮಗೆ ತೊಂದರೆ ಮೂರು ರೂಪದಲ್ಲಿ ಬರುತ್ತದೆ. ಪತ್ರಿಕೆಗಳು ಮೂರನ್ನೂ ಸೇರಿಸಿ "ಸೌರ ಚಂಡಮಾರುತ" ಎಂದು ಬರೆದುಬಿಡುತ್ತವೆ. ಗೊಂದಲ ಶುರುವಾಗುವುದೇ ಅಲ್ಲಿಂದ.

ಒಂದು, ಬೆಳಕು. ಸೌರಜ್ವಾಲೆಯ ಎಕ್ಸ್-ಕಿರಣಕ್ಕೆ ಇಲ್ಲಿಗೆ ಬರಲು ಎಂಟು ನಿಮಿಷ ಚಿಲ್ಲರೆ ಸಾಕು. ನಮಗೆ ಜ್ವಾಲೆ ಕಂಡಾಗಲೇ ಅದರ ಪರಿಣಾಮವೂ ಬಂದಾಗಿರುತ್ತದೆ. ಇದನ್ನು ಆರ್ ಮಾಪಕದಲ್ಲಿ ಅಳೆಯುತ್ತಾರೆ.

ಎರಡು, ಕಣಗಳು. ವೇಗವಾಗಿ ಓಡುವ ಪ್ರೋಟಾನುಗಳು. ಕೆಲವೇ ನಿಮಿಷದಿಂದ ಕೆಲವು ಗಂಟೆಯೊಳಗೆ ತಲುಪುತ್ತವೆ. ಇದು ಎಸ್ ಮಾಪಕ. ಧ್ರುವದ ಮೇಲೆ ಹಾರುವ ವಿಮಾನಗಳಿಗೂ ಉಪಗ್ರಹಗಳಿಗೂ ಇದು ದೊಡ್ಡ ವಿಷಯ. ನಮ್ಮ ಕಡೆ ಭೂಕಾಂತ ಇವನ್ನು ಬಲವಾಗಿ ತಡೆಯುತ್ತದೆ. ಹಾಗಾಗಿ ಎಸ್ ಮಾಪಕವನ್ನು ಒಮ್ಮೆ ನೋಡಿ ಮುಂದೆ ಹೋಗಿ.

ಮೂರು, ಮೋಡ. ಸೂರ್ಯನ ಕರೋನಾದಿಂದ, ಅಂದರೆ ಅದರ ಹೊರ ವಾತಾವರಣದಿಂದ, ಕಿತ್ತು ಬರುವ ಕಾಂತೀಯ ಪ್ಲಾಸ್ಮಾ (ವಿದ್ಯುತ್ ಕಣಗಳ ಬಿಸಿ ಅನಿಲ). ಇದಕ್ಕೆ ಸಿಎಂಇ ಎನ್ನುತ್ತಾರೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನ ತೆಗೆದುಕೊಳ್ಳುತ್ತದೆ. ಭೂಕಾಂತ ಬಿರುಗಾಳಿ ಎಬ್ಬಿಸುವುದು ಇದೇ. ಜಿ1ರಿಂದ ಜಿ5ರವರೆಗೆ ಜಿ ಮಾಪಕ. ಮುನ್ಸೂಚನೆಗೆ ನಿಜವಾಗಿ ಸಮಯ ಸಿಗುವುದು ಈ ಮೂರನೆಯದಕ್ಕೆ ಮಾತ್ರ.

ಯಾವ ಸುದ್ದಿ ಬಂದರೂ "ಇದು ಬೆಳಕೋ, ಕಣವೋ, ಮೋಡವೋ" ಎಂದು ಕೇಳಿಕೊಳ್ಳಿ. ಅರ್ಧ ಫಾರ್ವರ್ಡ್ ಮೆಸೇಜುಗಳು ಈ ಒಂದು ಪ್ರಶ್ನೆಗೇ ಬಿದ್ದುಹೋಗುತ್ತವೆ.

ಎರಡನೇ ಹೆಜ್ಜೆ: ಗಡಿಯಾರ ಸರಿ ಮಾಡಿಕೊಳ್ಳಿ

ಎಲ್ಲ ದತ್ತಾಂಶ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಸಮಯ. ಯುಟಿಸಿಯ ಹೊಸ ದಿನ ನಮಗೆ ಬೆಳಗ್ಗೆ 5.30ಕ್ಕೆ ಶುರುವಾಗುತ್ತದೆ. ಭೂಕಾಂತ ಎಷ್ಟು ಕದಡಿದೆ ಎಂದು ಹೇಳುವ ಕೆಪಿ ಸೂಚ್ಯಂಕವನ್ನು ಮೂರು ಮೂರು ಗಂಟೆಗೆ ಕೊಡುತ್ತಾರೆ. ಅದರ ಗ್ರಾಫಿನ ಮೊದಲ ಕಂಬ ನಮ್ಮ 5.30ರಿಂದ 8.30, ಆಮೇಲೆ 8.30ರಿಂದ 11.30, ಹೀಗೆ. ಐದನೇ ಕಂಬ ಸಂಜೆ 5.30ರಿಂದ 8.30. ಆ ಐದನೆಯದರ ಮೇಲೆ ಕಣ್ಣಿಡಿ. ಏಕೆ ಎಂದು ಮುಂದೆ ಹೇಳುತ್ತೇನೆ.

ಅಮೆರಿಕದ ನೋವಾ ಸಂಸ್ಥೆಯ ಬಾಹ್ಯಾಕಾಶ ಹವಾಮಾನ ಮುನ್ಸೂಚನಾ ಕೇಂದ್ರ ಕೊಲೊರಾಡೊದ ಬೌಲ್ಡರ್‌ನಲ್ಲಿದೆ. ಅದರ ಮೂರು ದಿನದ ಮುನ್ಸೂಚನೆ ದಿನಕ್ಕೆ ಎರಡು ಸಲ ಬರುತ್ತದೆ. ನಮ್ಮ ಲೆಕ್ಕದಲ್ಲಿ ಬೆಳಗ್ಗೆ 6 ಮತ್ತು ಸಂಜೆ 6. ಬೆಳಗಿನ ಚಹಾದ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ಅದರ ಜೊತೆಗೇ ಬರುವ "ಫೋರ್‌ಕಾಸ್ಟ್ ಡಿಸ್ಕಷನ್" ಎಂಬ ಬರಹವನ್ನು ಬಿಡಬೇಡಿ. ಅಂಕಿಗಿಂತ ಅದರಲ್ಲಿ ರಸ ಜಾಸ್ತಿ. ಮುನ್ಸೂಚಕರಿಗೆ ಯಾವುದರ ಬಗ್ಗೆ ಧೈರ್ಯ ಇದೆ, ಎಲ್ಲಿ ಅನುಮಾನ ಇದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಮೂರನೇ ಹೆಜ್ಜೆ: ಸೂರ್ಯನ ಮುಖ ನೋಡಿ

ನಾಸಾದ ಎಸ್‌ಡಿಒ ಉಪಗ್ರಹದ ಚಿತ್ರಗಳು ಯಾರಿಗೆ ಬೇಕಾದರೂ ಸಿಗುತ್ತವೆ. ಅದರಲ್ಲಿ ಎರಡನ್ನು ದಿನಾ ನೋಡಿ.

ಮೊದಲನೆಯದು ಬಿಳಿ ಬೆಳಕಿನ ಚಿತ್ರ. ಅದರಲ್ಲಿ ಸೌರಕಲೆಗಳು ಕಾಣುತ್ತವೆ. ಪ್ರತಿ ಗುಂಪಿಗೂ ಒಂದು ಸಂಖ್ಯೆ ಇರುತ್ತದೆ. ಗುಂಪಿನ ಗಾತ್ರಕ್ಕಿಂತ ಅದರ ಕಾಂತೀಯ ಸಿಕ್ಕು ಮುಖ್ಯ. ಆಲ್ಫಾ ಎಂದರೆ ಸಾಧು. ಬೀಟಾ ಸಾಮಾನ್ಯ. ಬೀಟಾ-ಗ್ಯಾಮಾ-ಡೆಲ್ಟಾ ಎಂದಿದ್ದರೆ ಎಚ್ಚರವಾಗಿರಿ. ಒಂದೇ ಕಲೆಯೊಳಗೆ ಉತ್ತರ ಧ್ರುವ, ದಕ್ಷಿಣ ಧ್ರುವ ಮೈಗೆ ಮೈ ಒತ್ತಿಕೊಂಡಿವೆ ಎಂದು ಅರ್ಥ. ದೊಡ್ಡ ಜ್ವಾಲೆಗಳು ಹೆಚ್ಚಾಗಿ ಅಲ್ಲಿಂದಲೇ ಏಳುತ್ತವೆ. 2024ರ ಮೇ ತಿಂಗಳ 3664 ಎಂಬ ಗುಂಪು ಅಂಥದ್ದು. ಅದರ ಅಗಲ ಭೂಮಿಯ ವ್ಯಾಸದ ಸುಮಾರು 15 ಪಟ್ಟು ಇತ್ತು.

ಕಲೆ ಎಲ್ಲಿದೆ ಎಂಬುದೂ ಬೇಕು. ಸೂರ್ಯ ತಿರುಗುವುದರಿಂದ ಕಲೆಗಳು ಎಡದಿಂದ ಬಲಕ್ಕೆ ಸರಿಯುತ್ತವೆ. ಈ ಅಂಚಿನಿಂದ ಆ ಅಂಚಿಗೆ ಹೋಗಲು ಸುಮಾರು ಎರಡು ವಾರ. ನಡುವೆ ಇದ್ದಾಗ ಎದ್ದ ಮೋಡ ನಮ್ಮ ಕಡೆಗೆ ಬರುವ ಸಂಭವ ಜಾಸ್ತಿ. ಎಡ ಅಂಚಿನಲ್ಲಿ ಎದ್ದದ್ದು ಬಹುಪಾಲು ತಪ್ಪಿಸಿಕೊಂಡು ಹೋಗುತ್ತದೆ.

ಎರಡನೆಯದು ಎಐಎ 193 ಎಂಬ ಕಂದು ಬಣ್ಣದ ಚಿತ್ರ. ಅದರಲ್ಲಿ ಕಪ್ಪು ಹೊಂಡದಂಥ ಜಾಗಗಳು ಕಂಡರೆ ಅವು ಕರೋನಾ ರಂಧ್ರಗಳು. ಅಲ್ಲಿಂದ ಸೌರಮಾರುತ (ಸೂರ್ಯನಿಂದ ಸದಾ ಬೀಸುವ ಕಣಗಳ ಗಾಳಿ) ಸೆಕೆಂಡಿಗೆ 600ರಿಂದ 800 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ಮಾಮೂಲಿ ವೇಗ 400ರ ಆಸುಪಾಸು. ರಂಧ್ರ ಸೂರ್ಯನ ನಡುಗೆರೆಗೆ ಬಂದ ಎರಡು ಮೂರು ದಿನಕ್ಕೆ ಆ ಗಾಳಿ ಇಲ್ಲಿಗೆ ಬರುತ್ತದೆ. ಅದೇ ರಂಧ್ರ ಸುಮಾರು 27 ದಿನಕ್ಕೆ ಮತ್ತೆ ತಿರುಗಿ ಬರುತ್ತದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಡಿ. 25ನೇ ಸೌರಚಕ್ರ 2019ರ ಡಿಸೆಂಬರ್‌ನಲ್ಲಿ ಶುರುವಾಗಿ 2024ರಲ್ಲಿ ತುದಿ ಮುಟ್ಟಿತು. ಇಳಿಯುವ ಕಾಲದಲ್ಲಿ ಈ ರಂಧ್ರಗಳು ದೊಡ್ಡದಾಗಿ, ಬಹಳ ತಿಂಗಳು ಉಳಿಯುತ್ತವೆ. ಹಾಗಾಗಿ ಕ್ಯಾಲೆಂಡರ್ ಲೆಕ್ಕ ಈಗ ಇನ್ನೂ ಚೆನ್ನಾಗಿ ಹೊಂದುತ್ತದೆ.

ಮನೆಯಲ್ಲೇ ಸೂರ್ಯನನ್ನು ನೋಡಬೇಕು ಎನ್ನುವವರಿಗೆ ಒಂದು ಸುಲಭದ ದಾರಿ. ಸಣ್ಣ ಕನ್ನಡಿಯ ಮೇಲೆ ಕಾಗದ ಅಂಟಿಸಿ, ನಡುವೆ ಐದು ಮಿಲಿಮೀಟರ್ ತೂತು ಬಿಡಿ. ಅಂಗಳದಲ್ಲಿಟ್ಟು ಬಿಸಿಲನ್ನು ಕತ್ತಲೆ ಪಡಸಾಲೆಯ ಬಿಳಿ ಗೋಡೆಗೆ ತಿರುಗಿಸಿ. ಹತ್ತು ಮೀಟರ್ ದೂರದಲ್ಲಿ ಸುಮಾರು ಒಂಬತ್ತು ಸೆಂಟಿಮೀಟರ್ ಅಗಲದ ಸೂರ್ಯ ಮೂಡುತ್ತಾನೆ. ಕನ್ನಡಿ ಅಲುಗಾಡದಂತೆ ಶಹಾಬಾದ್ ಕಲ್ಲಿನ ಚೂರೊಂದನ್ನು ಒತ್ತು ಕೊಡಿ. 3664ರಂಥ ದೊಡ್ಡ ಕಲೆ ಇದರಲ್ಲಿ ಕಾಣುತ್ತದೆ, ಸಣ್ಣವು ಕಾಣುವುದಿಲ್ಲ. ನೇರವಾಗಿ ನೋಡಬೇಕೆಂದರೆ ಗ್ರಹಣದ ಕನ್ನಡಕ ಅಥವಾ 14ನೇ ನಂಬರಿನ ವೆಲ್ಡಿಂಗ್ ಗಾಜು ಬೇಕೇ ಬೇಕು. ಹಳೇ ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು ಬೇಡವೇ ಬೇಡ. ಕಲಬುರಗಿಯ ಬಿಸಿಲಿನ ಜೊತೆ ಆಟ ಆಡಬಾರದು ಅಂತ ಇಲ್ಲಿಯವರಿಗೆ ಹೇಳಿಕೊಡಬೇಕಾ?

ನಾಲ್ಕನೇ ಹೆಜ್ಜೆ: ಎಕ್ಸ್-ಕಿರಣದ ಗೆರೆ

ಗೋಸ್ ಉಪಗ್ರಹದ ಎಕ್ಸ್-ಕಿರಣ ಗ್ರಾಫ್ ತೆರೆಯಿರಿ. ಬದಿಯಲ್ಲಿ ಎ, ಬಿ, ಸಿ, ಎಂ, ಎಕ್ಸ್ ಎಂದು ಇಂಗ್ಲಿಷ್ ಅಕ್ಷರಗಳಿವೆ. ಒಂದು ಅಕ್ಷರದಿಂದ ಮೇಲಿನದಕ್ಕೆ ಹೋದರೆ ಹತ್ತು ಪಟ್ಟು. ಎಕ್ಸ್1 ಎಂಬುದು ಎಂ1ರ ಹತ್ತು ಪಟ್ಟು, ಸಿ1ರ ನೂರು ಪಟ್ಟು. ಗೆರೆ ಜ್ವಾಲೆಯ ಹೊತ್ತಿಗೆ ನೆಟ್ಟಗೆ ಏರಿ, ನಿಧಾನವಾಗಿ ಇಳಿಯುತ್ತದೆ. ಎಂ1 ಮುಟ್ಟಿದರೆ ಆರ್1, ಎಂ5ಕ್ಕೆ ಆರ್2, ಎಕ್ಸ್1ಕ್ಕೆ ಆರ್3, ಎಕ್ಸ್10ಕ್ಕೆ ಆರ್4.

ಬಹಳ ಹೊತ್ತು ಇಳಿಯದೆ ನಿಂತ ಜ್ವಾಲೆ ಕಂಡರೆ ಅದನ್ನು ನೋಟ್‌ಬುಕ್‌ಗೆ ಹಾಕಿ. ಗಂಟೆಗಟ್ಟಲೆ ಉಳಿಯುವ ಜ್ವಾಲೆಯ ಜೊತೆ ಮೋಡವೂ ಕಿತ್ತು ಬಂದಿರುವ ಸಂಭವ ಜಾಸ್ತಿ.

ಈಗ ಗಡಿಯಾರದ ಕೆಲಸ. 2024ರ ಅಕ್ಟೋಬರ್ 3ರ ಎಕ್ಸ್9 ಜ್ವಾಲೆ ನಮಗೆ ಸಂಜೆ 5.48ಕ್ಕೆ. ಕಲಬುರಗಿಯಲ್ಲಿ ಸೂರ್ಯ ಮುಳುಗಲು ಇಪ್ಪತ್ತು ನಿಮಿಷದಷ್ಟೇ ಬಾಕಿ. ಓರೆಯಾಗಿ ಬಿದ್ದ ಕಿರಣಕ್ಕೆ ಶಕ್ತಿ ಕಮ್ಮಿ. 2025ರ ನವೆಂಬರ್ 11ರ ಎಕ್ಸ್5.1 ಮಧ್ಯಾಹ್ನ 3.34ಕ್ಕೆ. ಸೂರ್ಯ ಇನ್ನೂ ಮೇಲಿದ್ದ. ಅಂಕಿ ನೋಡಿದರೆ ಎಕ್ಸ್9 ದೊಡ್ಡದು, ನಮ್ಮೂರ ಲೆಕ್ಕಕ್ಕೆ ಎಕ್ಸ್5.1 ಕಡಿಮೆಯದಲ್ಲ. ಮಧ್ಯಾಹ್ನ 12ರ ಸುತ್ತಮುತ್ತ ಬಂದ ಎಂ5 ಕೂಡ ನಮ್ಮ ಹ್ಯಾಮ್ (ಹವ್ಯಾಸಿ) ರೇಡಿಯೊದವರಿಗೆ ರಾತ್ರಿಯ ಎಕ್ಸ್8ಕ್ಕಿಂತ ಹೆಚ್ಚು.

ಪರಿಣಾಮ ಏನೆಂದರೆ ಶಾರ್ಟ್‌ವೇವ್ ಮಂಕಾಗುವುದು. ಕೆಳಗಿನ ಆವರ್ತನಗಳು (ಕಡಿಮೆ ಮೆಗಾಹರ್ಟ್ಸ್‌ನವು) ಮೊದಲು ಸಾಯುತ್ತವೆ, ಆಮೇಲೆ ಮೇಲಿನವು. ವಾಪಸ್ ಬರುವಾಗ ಮೇಲಿನವು ಮೊದಲು. ಹಾಗಾಗಿ ಹ್ಯಾಮ್‌ಗಳು 14 ಮೆಗಾಹರ್ಟ್ಸ್ ಸತ್ತರೆ 28ಕ್ಕೆ ಹೋಗಿ ನೋಡಬಹುದು. ಎಫ್‌ಎಂಗೆ ಏನೂ ಆಗುವುದಿಲ್ಲ. ಫೋನಿಗೂ ಇಲ್ಲ. ಕರೆಂಟ್ ಹೋದರೆ ಸೂರ್ಯನ ಮೇಲೆ ಹಾಕಬೇಡಿ, ಪಾಪ.

ಐದನೇ ಹೆಜ್ಜೆ: ಮೋಡ ಹೊರಟಿದೆಯಾ, ಯಾವಾಗ ಮುಟ್ಟುತ್ತದೆ

ಸೋಹೋ ನೌಕೆಯ ಲಾಸ್ಕೊ ಕ್ಯಾಮೆರಾ ಸೂರ್ಯನ ತಟ್ಟೆಯನ್ನು ಮರೆಮಾಡಿ ಸುತ್ತಲಿನ ಕರೋನಾವನ್ನು ತೋರಿಸುತ್ತದೆ. ಮೋಡ ಒಂದು ಬದಿಗೆ ಹೋದರೆ ಅದು ನಮ್ಮದಲ್ಲ. ತಟ್ಟೆಯ ಸುತ್ತಲೂ ಉಂಗುರದಂತೆ ಹಬ್ಬಿದರೆ ಒಂದೋ ನೇರ ನಮ್ಮ ಕಡೆಗೆ, ಇಲ್ಲವೇ ನೇರ ಆ ಕಡೆಗೆ. ಯಾವುದು ಎಂದು ತಿಳಿಯಲು ಅದೇ ಹೊತ್ತಿಗೆ ಸೂರ್ಯನ ಈ ಮುಖದಲ್ಲಿ ಜ್ವಾಲೆ ಎದ್ದಿತ್ತಾ ನೋಡಿ.

ಎನ್ಲಿಲ್ ಎಂಬ ಮಾದರಿ ಮೋಡದ ದಾರಿಯನ್ನು ವಿಡಿಯೊದಂತೆ ತೋರಿಸುತ್ತದೆ. ಚಂದ ಇದೆ. ಆದರೆ ತಲುಪುವ ಸಮಯದಲ್ಲಿ ಹತ್ತು ಗಂಟೆ ಹಿಂದೆ ಮುಂದೆ ಆಗುವುದು ಮಾಮೂಲು. "ಬುಧವಾರ ಬೆಳಗ್ಗೆ" ಎಂದಿದ್ದರೆ ಮಂಗಳವಾರ ರಾತ್ರಿಯಿಂದ ಬುಧವಾರ ಸಂಜೆಯವರೆಗೆ ಎಂದು ಓದಿಕೊಳ್ಳಿ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮೋಡದೊಳಗಿನ ಕಾಂತಕ್ಷೇತ್ರ ಉತ್ತರಕ್ಕೆ ಮುಖ ಮಾಡಿದೆಯೋ ದಕ್ಷಿಣಕ್ಕೋ ಎಂಬುದು ಅದು ಹತ್ತಿರ ಬರುವವರೆಗೆ ಗೊತ್ತಾಗುವುದೇ ಇಲ್ಲ. ಉತ್ತರಕ್ಕಿದ್ದರೆ ದೊಡ್ಡ ಮೋಡವೂ ಸುಮ್ನೆ ಸವರಿಕೊಂಡು ಹೋಗುತ್ತದೆ. ದಕ್ಷಿಣಕ್ಕಿದ್ದರೆ ಭೂಕಾಂತದ ಜೊತೆ ಬೆಸೆದುಕೊಂಡು ಶಕ್ತಿ ಒಳಗೆ ನುಗ್ಗುತ್ತದೆ. ಮೂರು ದಿನ ಮೊದಲು ಹೇಳಿದ ಜಿ3 ಎಷ್ಟೋ ಸಲ ಜಿ1ಕ್ಕೇ ನಿಲ್ಲುವುದು ಇದಕ್ಕೇ.

ಆರನೇ ಹೆಜ್ಜೆ: ಹದಿನೈದು ಲಕ್ಷ ಕಿಲೋಮೀಟರ್ ಆಚೆಯ ಕಾವಲು

ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಎಲ್1 ಎಂಬ ಬಿಂದುವಿದೆ. ಏಸ್, ಡಿಸ್ಕವರ್ ನೌಕೆಗಳು ಇರುವುದು ಅಲ್ಲಿ. ನಮ್ಮ ಇಸ್ರೋದ ಆದಿತ್ಯ-ಎಲ್1 ಕೂಡ ಅಲ್ಲೇ ಇದೆ. 2023ರ ಸೆಪ್ಟೆಂಬರ್ 2ಕ್ಕೆ ಹೊರಟು, 2024ರ ಜನವರಿ 6ಕ್ಕೆ ತನ್ನ ಕಕ್ಷೆ ಸೇರಿತು. ಸೂರ್ಯನ ಚಿತ್ರ ತೆಗೆಯುವುದರ ಜೊತೆಗೆ ಸೌರಮಾರುತವನ್ನು ಅಳೆಯುವ ಆಸ್ಪೆಕ್ಸ್, ಪಾಪಾ ಎಂಬ ಉಪಕರಣಗಳೂ, ಕಾಂತಮಾಪಕವೂ ಅದರಲ್ಲಿವೆ.

ಸೌರಮಾರುತದ ಪುಟದಲ್ಲಿ ನಾಲ್ಕು ಗೆರೆಗಳನ್ನು ನೋಡಿದರೆ ಸಾಕು: ವೇಗ, ಸಾಂದ್ರತೆ, ಬಿಟಿ, ಬಿಝಡ್. ಬಿಟಿ ಎಂದರೆ ಕಾಂತಕ್ಷೇತ್ರದ ಒಟ್ಟು ಬಲ. ಬಿಝಡ್ ಎಂದರೆ ಅದರ ಉತ್ತರ-ದಕ್ಷಿಣ ಪಾಲು. ಬಿಝಡ್ ಸೊನ್ನೆಯ ಕೆಳಗೆ ಹೋದರೆ ದಕ್ಷಿಣ. ಮೈನಸ್ 10 ನ್ಯಾನೊಟೆಸ್ಲಾ (ಕಾಂತಬಲದ ಅಳತೆ) ದಾಟಿ ಎರಡು ಮೂರು ಗಂಟೆ ಅಲ್ಲೇ ಕೂತರೆ ಬಿರುಗಾಳಿ ಗ್ಯಾರಂಟಿ ಎನ್ನಬಹುದು. ಐದು ನಿಮಿಷ ಇಳಿದು ಮತ್ತೆ ಏರಿದರೆ ಲೆಕ್ಕಕ್ಕಿಲ್ಲ. ಹೊಸಬರು ಗಾಬರಿಯಾಗುವುದು ಆ ಐದು ನಿಮಿಷಕ್ಕೇ.

ಸಮಯದ ಲೆಕ್ಕ ಸುಲಭ. ವೇಗ 500 ಇದ್ದರೆ 15 ಲಕ್ಷವನ್ನು 500ರಿಂದ ಭಾಗಿಸಿ. 3,000 ಸೆಕೆಂಡು, ಅಂದರೆ 50 ನಿಮಿಷ. ವೇಗ 800 ಇದ್ದರೆ ಅರ್ಧ ಗಂಟೆ. ಕಲಬುರಗಿಯಿಂದ ಶಹಾಬಾದಿಗೆ ಬಸ್ಸಿನಲ್ಲಿ ಹೋಗುವಷ್ಟು ಹೊತ್ತೂ ಸಿಗುವುದಿಲ್ಲ.

ಏಳನೇ ಹೆಜ್ಜೆ: ಕೆಪಿ ಒಂದನ್ನೇ ನಂಬಬೇಡಿ

ಕೆಪಿ ಸೂಚ್ಯಂಕ ಸೊನ್ನೆಯಿಂದ 9ರವರೆಗೆ. 5 ಮುಟ್ಟಿದರೆ ಜಿ1, 9 ಮುಟ್ಟಿದರೆ ಜಿ5. ಇದನ್ನು ಜರ್ಮನಿಯ ಪೋಟ್ಸ್‌ಡ್ಯಾಮ್‌ನ ಜಿಎಫ್‌ಝಡ್ ಸಂಸ್ಥೆ 13 ವೀಕ್ಷಣಾಲಯಗಳ ಅಳತೆಯಿಂದ ತೆಗೆಯುತ್ತದೆ. ಆ ಹದಿಮೂರರಲ್ಲಿ ಒಂದೂ ನಮ್ಮಂಥ ಸಮಭಾಜಕದ ಹತ್ತಿರದ ಊರಲ್ಲ.

ನಮಗೆ ಹೆಚ್ಚು ಹೊಂದುವುದು ಡಿಎಸ್‌ಟಿ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯ ಗಂಟೆಗೊಮ್ಮೆ ಕೊಡುವ ಸೂಚ್ಯಂಕ ಇದು. ಕೆಳ ಅಕ್ಷಾಂಶದ ವೀಕ್ಷಣಾಲಯಗಳಿಂದ ತೆಗೆದದ್ದು. ಮೈನಸ್ 50 ಎಂದರೆ ಸಾಧಾರಣ ಬಿರುಗಾಳಿ, ಮೈನಸ್ 100ರ ಕೆಳಗೆ ಜೋರು. 2024ರ ಮೇ 11ರಂದು ಮೈನಸ್ 400ರ ಹತ್ತಿರಕ್ಕೆ ಇಳಿದಿತ್ತು.

ಇನ್ನೂ ಹತ್ತಿರದ್ದು ಬೇಕೆಂದರೆ ಹೈದರಾಬಾದ್ ನೋಡಿ. ಬೀದರ್‌ನವರಿಗೆ ಅದು ಪಕ್ಕದ ಮನೆ ತಾನೇ. ಅಲ್ಲಿಯ ಎನ್‌ಜಿಆರ್‌ಐ ಸಂಸ್ಥೆಯ ಕಾಂತೀಯ ವೀಕ್ಷಣಾಲಯದ ದತ್ತಾಂಶ ಇಂಟರ್‌ಮ್ಯಾಗ್ನೆಟ್ ಜಾಲದಲ್ಲಿ ಸಿಗುತ್ತದೆ. ಮುಂಬಯಿ ಬಳಿಯ ಅಲಿಬಾಗ್‌ನದ್ದೂ ಇದೆ. ಮೋಡ ಬಡಿದ ಕ್ಷಣ ಗೆರೆ ದಿಢೀರನೆ ಮೇಲಕ್ಕೆ ನೆಗೆಯುತ್ತದೆ. ಆಮೇಲೆ ಗಂಟೆಗಟ್ಟಲೆ ಕೆಳಕ್ಕೆ ಜಾರುತ್ತದೆ. ಮತ್ತೆ ಮೊದಲಿನ ಮಟ್ಟಕ್ಕೆ ಬರಲು ದಿನಗಳೇ ಬೇಕು. 2024ರ ಮೇ 10ರ ಆ ನೆಗೆತ ನಮ್ಮ ಸಮಯದಲ್ಲಿ ರಾತ್ರಿ ಹತ್ತೂವರೆ ದಾಟಿದ ಮೇಲೆ ಆಯಿತು.

ಬಿರುಗಾಳಿ ಇಲ್ಲದ ದಿನವೂ ಆ ಗೆರೆ ನೆಟ್ಟಗೆ ಇರುವುದಿಲ್ಲ. ಬೆಳಗ್ಗೆ ಏರಿ, ಮಧ್ಯಾಹ್ನದ ಹೊತ್ತಿಗೆ ಗುಡ್ಡದಂತಾಗಿ, ಸಂಜೆಗೆ ಇಳಿಯುತ್ತದೆ. ಅದು ಸೂರ್ಯನ ದಿನನಿತ್ಯದ ಕೆಲಸ, ಬಿರುಗಾಳಿ ಅಂತ ತಿಳಿಯಬೇಡಿ. ಒಂದು ವಾರ ಶಾಂತ ದಿನಗಳ ಗೆರೆ ನೋಡಿ ಕಣ್ಣು ಪಳಗಿಸಿಕೊಂಡರೆ ಆಮೇಲೆ ತಪ್ಪುವುದಿಲ್ಲ.

ದಾಖಲೆಯಲ್ಲಿರುವ ಅತಿ ದೊಡ್ಡ ಅಳತೆಗಳಲ್ಲಿ ಒಂದು ನಮ್ಮ ದೇಶದ್ದೇ. 1859ರ ಸೆಪ್ಟೆಂಬರ್‌ನ ಕ್ಯಾರಿಂಗ್ಟನ್ ಬಿರುಗಾಳಿಯಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯ ಸುಮಾರು 1,600 ನ್ಯಾನೊಟೆಸ್ಲಾ ಇಳಿತವನ್ನು ಬರೆದಿಟ್ಟಿತ್ತು. ನಮ್ಮ ಕಡೆ ಭೂಕಾಂತದ ಅಡ್ಡ ಬಲವೇ ಸುಮಾರು 40,000. ಲೆಕ್ಕ ನೀವೇ ಹಾಕಿ.

ಎಂಟನೇ ಹೆಜ್ಜೆ: ನಮ್ಮದೇ ಹವಾಮಾನ, ಸಂಜೆಯ ಅಯಾನುಗೋಳ

ಇಲ್ಲಿಯವರೆಗಿನದು ಎಲ್ಲ ಊರಿಗೂ ಒಂದೇ. ಇದು ನಮ್ಮದು.

ಜಿಪಿಎಸ್ ಸಂಕೇತ ಉಪಗ್ರಹದಿಂದ ಬರುವಾಗ ಅಯಾನುಗೋಳದಲ್ಲಿ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರದಲ್ಲಿ, ತಡವಾಗುತ್ತದೆ. ದಾರಿಯಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದನ್ನು ಟಿಇಸಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಟಿಇಸಿ ಘಟಕಕ್ಕೆ ಜಿಪಿಎಸ್‌ನ ಎಲ್1 ತರಂಗದಲ್ಲಿ (ಹಿಂದೆ ಹೇಳಿದ ಎಲ್1 ಬಿಂದುವಿಗೂ ಇದಕ್ಕೂ ಸಂಬಂಧವಿಲ್ಲ) 16 ಸೆಂಟಿಮೀಟರ್ ತಪ್ಪು. ಸೌರಚಕ್ರದ ತುದಿಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ನಮ್ಮ ಭಾಗದ ಆಕಾಶದಲ್ಲಿ ಇದು ನೂರರ ಹತ್ತಿರ ಹೋಗುವುದುಂಟು. ಅಂದರೆ 16 ಮೀಟರ್. ಎರಡು ಆವರ್ತನ ಬಳಸುವ ರಿಸೀವರ್ ಈ ತಪ್ಪನ್ನು ಬಹುಪಾಲು ಕಳೆದುಬಿಡುತ್ತದೆ. ಹಾಗಾಗಿ ಡ್ರೋನ್ ಅಥವಾ ರೋವರ್ ಕೊಳ್ಳುವಾಗ ಎಲ್1 ಜೊತೆಗೆ ಎಲ್5 ಎಂಬ ಇನ್ನೊಂದು ತರಂಗವೂ ಇದೆಯಾ ಎಂದು ಕೇಳಿ.

ಸಂಜೆಯದ್ದು ಬೇರೆಯೇ ಕಥೆ. ಸೂರ್ಯ ಮುಳುಗಿದ ಕೂಡಲೇ ಅಯಾನುಗೋಳದ ಕೆಳಪದರ ಬೇಗ ಕರಗುತ್ತದೆ. ಮೇಲಿನ ಪದರ ಇನ್ನೂ ದಟ್ಟವಾಗಿಯೇ ಇರುತ್ತದೆ. ನೀರಿನ ಕೆಳಗೆ ಎಣ್ಣೆ ಸಿಕ್ಕಿದರೆ ಗುಳ್ಳೆಯಾಗಿ ಮೇಲೇಳುತ್ತದಲ್ವಾ, ಹಾಗೆ ಕಾಂತೀಯ ಸಮಭಾಜಕದ ಮೇಲೆ ತೆಳುವಾದ ಪ್ಲಾಸ್ಮಾ ಗುಳ್ಳೆಗಳು ಏಳುತ್ತವೆ. ಅವು ಕಾಂತರೇಖೆಗಳ ಗುಂಟ ಉತ್ತರಕ್ಕೂ ದಕ್ಷಿಣಕ್ಕೂ ಚಾಚಿಕೊಳ್ಳುತ್ತವೆ. ದೆಹಲಿಯ ಆಕಾಶ ಮುಟ್ಟಲು ಗುಳ್ಳೆ ಬಹಳ ಎತ್ತರಕ್ಕೆ ಏರಬೇಕು. ಕಲಬುರಗಿ, ಯಾದಗಿರಿಗೆ ಅಷ್ಟು ಬೇಕಿಲ್ಲ. ಗುಳ್ಳೆಯ ಅಂಚಿನ ಏರುಪೇರಿನಲ್ಲಿ ಹಾದುಬಂದ ಸಂಕೇತ ನಕ್ಷತ್ರದಂತೆ ಮಿನುಗುತ್ತದೆ. ರಿಸೀವರ್‌ಗೆ ಹಿಡಿತ ತಪ್ಪುತ್ತದೆ. ಎಲ್5 ಇದ್ದರೂ ಇದರಿಂದ ಪೂರಾ ಪಾರಾಗಲು ಆಗುವುದಿಲ್ಲ.

ಯಾವಾಗ? ಭಾರತದ ರೇಖಾಂಶದಲ್ಲಿ ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಜಾಸ್ತಿ. ಸಂಜೆ ಏಳರಿಂದ ನಡುರಾತ್ರಿಯವರೆಗೆ. ಮೇ-ಜುಲೈನಲ್ಲಿ ಕಮ್ಮಿ. ಸೌರಚಟುವಟಿಕೆ ಜೋರಿದ್ದ ವರ್ಷಗಳಲ್ಲಿ ಜಾಸ್ತಿ, ಇಳಿದಾಗ ಕಮ್ಮಿ. ಕೆಪಿ 1 ಇದ್ದ ದಿನವೂ ಇದು ಬರಬಹುದು. ಶುರುವಿನಲ್ಲಿ ಹೇಳಿದ ಜೇವರ್ಗಿಯ ರೋವರ್‌ಗೆ ಆದದ್ದು ಇದೇ.

ಮತ್ತೆ ಬಿರುಗಾಳಿ ಬಂದರೆ? ಇಲ್ಲಿ ಆ ಐದನೇ ಕಂಬ ನೆನಪಿಸಿಕೊಳ್ಳಿ. ಬಿಝಡ್ ನಮ್ಮ ಮುಸ್ಸಂಜೆಯ ಹೊತ್ತಿಗೇ ದಕ್ಷಿಣಕ್ಕೆ ತಿರುಗಿದರೆ ಗುಳ್ಳೆಗಳು ಕೆರಳುತ್ತವೆ. ಬಿರುಗಾಳಿ ಹಿಂದಿನ ರಾತ್ರಿಯಿಂದಲೇ ನಡೆಯುತ್ತಿದ್ದರೆ ಎಷ್ಟೋ ಸಲ ಅವು ಏಳುವುದೇ ಇಲ್ಲ. ಅಂದರೆ ಜಿ3 ಬಿರುಗಾಳಿಯ ಮಾರನೇ ಸಂಜೆ ನಮ್ಮಲ್ಲಿ ಜಿಪಿಎಸ್ ಮಾಮೂಲಿಗಿಂತ ಶಾಂತವಾಗಿ ಇರಬಹುದು. ಇದನ್ನು ಕೇಳಿ ಎಷ್ಟೋ ಜನ ನಂಬುವುದಿಲ್ಲ.

ಕಣ್ಣಾರೆ ನೋಡುವ ದಾರಿಯೂ ಇದೆ. ಫೋನಿನಲ್ಲಿ ಉಪಗ್ರಹಗಳ ಸಂಕೇತಬಲ ತೋರಿಸುವ ಯಾವುದಾದರೂ ಉಚಿತ ಆ್ಯಪ್ ಹಾಕಿಕೊಳ್ಳಿ. ಅಕ್ಟೋಬರ್ ಸಂಜೆ ಏಳೂವರೆಗೆ ಮಾಳಿಗೆ ಹತ್ತಿ. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಕಟ್ಟೆಯ ಮೇಲೆ ಅಂಗಾತ ಇಡಿ. ಎತ್ತರದಲ್ಲಿರುವ ಉಪಗ್ರಹವೊಂದನ್ನು ಆರಿಸಿ ಅದರ ಅಂಕಿ ನೋಡುತ್ತಾ ಕೂರಿ. ಮಾಮೂಲಿ ದಿನ 42, 43, 42 ಎಂದು ನಿಂತಿರುತ್ತದೆ. ಗುಳ್ಳೆ ಅಡ್ಡ ಬಂದರೆ 43 ಇದ್ದದ್ದು 31ಕ್ಕೆ ಬಿದ್ದು, ಮತ್ತೆ 40ಕ್ಕೆ ಏರಿ, ಸೆಕೆಂಡುಗಳಲ್ಲಿ ಕುಣಿಯುತ್ತದೆ. ಪಕ್ಕದ ಇನ್ನೊಂದು ಉಪಗ್ರಹ ಆರಾಮಾಗಿ ಇರುತ್ತದೆ. ಗುಳ್ಳೆಗಳು ಪೂರ್ವಕ್ಕೆ ತೇಲುವುದರಿಂದ ಕುಣಿತ ಪಶ್ಚಿಮದ ಉಪಗ್ರಹದಲ್ಲಿ ಶುರುವಾಗಿ, ನೆತ್ತಿಗೆ ಬಂದು, ಪೂರ್ವಕ್ಕೆ ದಾಟುತ್ತದೆ. ಒಂದೇ ಹೊತ್ತಿಗೆ ಎಲ್ಲ ಉಪಗ್ರಹಗಳೂ ಬಿದ್ದರೆ ಅದು ಸೂರ್ಯನ ಕೆಲಸವಲ್ಲ. ಫೋನ್ ಮೇಲೆ ಯಾರೋ ಬಗ್ಗಿ ನೋಡುತ್ತಿದ್ದಾರೆ.

ತೊಗರಿ ಬೆಳೆಯುವವರಿಗೆ ಇದರಲ್ಲಿ ನೇರ ಕೆಲಸವಿದೆ. ಹೂ ಬಿಟ್ಟು ಕಾಯಿಕೊರಕ ಬೀಳುವುದು ಅಕ್ಟೋಬರ್-ನವೆಂಬರ್‌ನಲ್ಲಿ. ಡ್ರೋನ್‌ನಿಂದ ಔಷಧ ಹೊಡೆಸುವವರು ಬಿಸಿಲು ಇಳಿದ ಮೇಲೆ ಶುರು ಮಾಡಿ ಕತ್ತಲಾಗುವವರೆಗೆ ಎಳೆಯುತ್ತಾರೆ. ಆ ಕೊನೆಯ ಹೊತ್ತೇ ಗುಳ್ಳೆಗಳು ಏಳುವ ಹೊತ್ತು. ಬೆಳಗ್ಗೆ ಏಳರಿಂದ ಹತ್ತರೊಳಗೆ ಮುಗಿಸುವುದು ಎಲ್ಲ ರೀತಿಯಲ್ಲೂ ಒಳ್ಳೆಯದು. 2024ರ ಮೇ ಬಿರುಗಾಳಿಯಲ್ಲಿ ಅಮೆರಿಕದ ರೈತರ ಜಿಪಿಎಸ್ ಟ್ರ್ಯಾಕ್ಟರುಗಳು ಬಿತ್ತನೆಯ ನಡುವೆಯೇ ನಿಂತಿದ್ದವು. ಅವರಿಗೆ ಅದು ಅಪರೂಪದ ಘಟನೆ. ನಮಗೆ ಅದರ ಸಣ್ಣ ರೂಪ ಸೌರಚಟುವಟಿಕೆ ಜೋರಿದ್ದ ವರ್ಷಗಳಲ್ಲಿ ಸುಗ್ಗಿಗೆ ಮೊದಲು ಬರುವ ಅತಿಥಿ.

ಒಂಬತ್ತನೇ ಹೆಜ್ಜೆ: ನಿಮ್ಮದೇ ಮುನ್ಸೂಚನೆ ಬರೆಯಿರಿ

ನೋಡುವುದು ಬೇರೆ, ಬರೆಯುವುದು ಬೇರೆ. ಬರೆದರೆ ಮಾತ್ರ ತಪ್ಪು ಎಲ್ಲಿ ಎಂದು ಗೊತ್ತಾಗುತ್ತದೆ. ಬೆಳಗ್ಗೆ ಆರೂವರೆಗೆ ನಾಲ್ಕು ಸಾಲು ಸಾಕು. ಮಾದರಿ ಹೀಗಿರಲಿ:

"ಸೂರ್ಯ: ನಡುವೆ ಒಂದು ಬೀಟಾ-ಗ್ಯಾಮಾ ಗುಂಪು. ಹಗಲಲ್ಲಿ ಎಂ ದರ್ಜೆಯ ಜ್ವಾಲೆ ಬರುವ ಸಂಭವ ನೂರಕ್ಕೆ 30. ಮೋಡ: ನಮ್ಮ ಕಡೆಗೆ ಯಾವುದೂ ಇಲ್ಲ. ಗಾಳಿ: ಹಳೇ ಕರೋನಾ ರಂಧ್ರ ಮತ್ತೆ ಬಂದಿದೆ, ನಾಳೆ ರಾತ್ರಿಯಿಂದ ಕೆಪಿ 4. ಸಂಜೆ ಜಿಪಿಎಸ್: ಏಳೂವರೆಯಿಂದ ಹತ್ತರವರೆಗೆ ಮಿನುಗುವ ಸಂಭವ ನೂರಕ್ಕೆ 60."

ನೂರಕ್ಕೆ 60 ಎಂದರೆ ಇಂಥದ್ದೇ ಹತ್ತು ದಿನಗಳಲ್ಲಿ ಆರು ದಿನ ಆಗಬೇಕು. ಹತ್ತಕ್ಕೆ ಹತ್ತೂ ಆಗಿದ್ದರೆ ನೀವು ಅಂಜುಬುರುಕರು, 60 ಎನ್ನಬಾರದಿತ್ತು. ತಿಂಗಳ ಕೊನೆಗೆ ಕೂತು ಎಣಿಸಿ.

ಇನ್ನೊಂದು ಪರೀಕ್ಷೆ ಕಠಿಣ. "ನಾಳೆಯೂ ಇವತ್ತಿನ ಹಾಗೇ ಇರುತ್ತದೆ" ಎಂದು ಸುಮ್ನೆ ಬರೆದಿದ್ದರೆ ಎಷ್ಟು ಸರಿಯಾಗುತ್ತಿತ್ತು? ಪಕ್ಕದಲ್ಲಿ ಅದನ್ನೂ ಬರೆದಿಡಿ. ಸೋಮಾರಿಯ ಈ ಮುನ್ಸೂಚನೆಯನ್ನು ಸೋಲಿಸಲು ವೃತ್ತಿಯ ಮುನ್ಸೂಚಕರೂ ಒದ್ದಾಡುತ್ತಾರೆ. ಎರಡನೇ ಎದುರಾಳಿ "27 ದಿನದ ಹಿಂದಿನಂತೆ" ಎಂಬುದು. ನೋವಾ ಪ್ರತಿ ಸೋಮವಾರ 27 ದಿನದ ಮುನ್ನೋಟ ಕೊಡುತ್ತದೆ. ಅದರ ಜೊತೆ ಹೋಲಿಸಿ ನೋಡಿ. ಶಾಲೆ ಮಕ್ಕಳಿಗೆ ಇದನ್ನು ಪಂದ್ಯದಂತೆ ಮಾಡಿಸಿದರೆ ಚೆನ್ನಾಗಿರುತ್ತದೆ. ಕೊಲ್ಕತ್ತಾದ ಐಸರ್‌ನಲ್ಲಿರುವ ಸೆಸ್ಸಿ ಕೇಂದ್ರ, ಬ್ರಸೆಲ್ಸ್‌ನ ಎಸ್‌ಐಡಿಸಿ ಕೂಡ ಮುನ್ಸೂಚನೆ ಕೊಡುತ್ತವೆ. ಮೂವರ ಮಾತು ಒಂದೇ ಇದ್ದ ದಿನ ಧೈರ್ಯವಾಗಿ ಬರೆಯಿರಿ.

ಕೊನೆಗೆ ಬಣ್ಣದ ಆಕಾಶದ ಪ್ರಶ್ನೆ

ಪ್ರತಿ ಜಿ4 ಸುದ್ದಿ ಬಂದಾಗಲೂ ಯಾರಾದರೂ ಕೇಳುತ್ತಾರೆ, ಬೀದರ್ ಕೋಟೆ ಮೇಲೆ ನಿಂತರೆ ಧ್ರುವಪ್ರಭೆ ಕಾಣುತ್ತದಾ ಎಂದು. 2024ರ ಮೇನಲ್ಲಿ ಲಡಾಖಿನ ಹಾನ್ಲೆಯಲ್ಲಿ ಉತ್ತರ ದಿಗಂತ ಕೆಂಪಾಗಿ ಕ್ಯಾಮೆರಾಕ್ಕೆ ಸಿಕ್ಕಿತ್ತು. ಹಾನ್ಲೆ ನಮಗಿಂತ 15 ಡಿಗ್ರಿ ಉತ್ತರಕ್ಕಿದೆ. ಎತ್ತರ ಬೇರೆ, ಕತ್ತಲೆ ಬೇರೆ. ಹಾಗಂತ ಇತಿಹಾಸದಲ್ಲಿ ಬಾಗಿಲು ಪೂರಾ ಮುಚ್ಚಿಲ್ಲ. 1872ರ ಫೆಬ್ರವರಿ 4ರ ಬಿರುಗಾಳಿಯಲ್ಲಿ ಮುಂಬಯಿಯಲ್ಲೂ ಪ್ರಭೆ ಕಂಡ ವರದಿ ಇದೆ. ಮುಂಬಯಿ ನಮಗಿಂತ ಬರೀ ಎರಡು ಡಿಗ್ರಿ ಮೇಲೆ. ಅಂಥದ್ದು ಮತ್ತೆ ಬಂದರೆ ಡಿಎಸ್‌ಟಿ ಮೈನಸ್ 500 ದಾಟಿರುತ್ತದೆ. ಆ ಅಂಕಿ ಕಾಣುವವರೆಗೆ ಕೋಟೆಗೆ ಹೋಗುವುದಾದರೆ ಬೆಳಗ್ಗೆಯೇ ಹೋಗಿ, ಬಿಸಿಲು ಏರುವ ಮೊದಲು.